ನಮ್ಮ ಮನೆಗೆ ನಾನೇ ಹಾಕಿದ ಟಿಕ್ ಮಾರ್ಕ್

ಪಿಡಿಒ ಪರೀಕ್ಷೆಗೆ ಓದುವವರಿಗೆ ಸುಸ್ಥಿರ ಅಭಿವೃದ್ಧಿ ಗುರಿಗಳು ಎಂದರೆ ಒಂದು ಮಾರ್ಕಿನ ಪ್ರಶ್ನೆ. ಒಟ್ಟು ಎಷ್ಟು? 17. ವಿಶ್ವಸಂಸ್ಥೆ ಒಪ್ಪಿಕೊಂಡಿದ್ದು ಯಾವಾಗ? 2015ರ ಸೆಪ್ಟೆಂಬರ್. ಗಡುವು? 2030. ಆರನೆಯದು ಯಾವುದು? ಶುದ್ಧ ನೀರು ಮತ್ತು ನೈರ್ಮಲ್ಯ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬೆಳಗಿನ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಕೂತಿರುವಾಗ, ಅವ್ವ ಚರಗಿ ತುಂಬಿಕೊಂಡು ಹಿತ್ತಲ ಬಾಗಿಲು ತೆಗೆಯುವ ಸಪ್ಪಳ ಕೇಳುತ್ತಿತ್ತು. ನಾನು ಓದುತ್ತಿದ್ದುದಕ್ಕೂ ಆ ಸಪ್ಪಳಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದೆ. ಪರೀಕ್ಷೆ ಇವತ್ತು ನಾಳೆ ಅನ್ನುತ್ತ ಮುಂದಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಗೆಳತಿಯೊಬ್ಬಳು ಫೋನ್ ಮಾಡಿ, ಮನೆ ಮನೆ ಸಮೀಕ್ಷೆ ಒಂದಿದೆ, ದಿನಗೂಲಿ ಕೊಡುತ್ತಾರೆ, ಬರ್ತೀಯಾ ಎಂದಳು. ಕೈಯಲ್ಲಿ ಒಂದು ಟ್ಯಾಬ್, ಕೊರಳಲ್ಲಿ ಒಂದು ಗುರುತಿನ ಚೀಟಿ, ಒಂದು ದಿನದ ತರಬೇತಿ. ನೀರು, ಸಂಡಾಸ, ಬಚ್ಚಲ ನೀರು, ಕಸ ಇಷ್ಟರ ಬಗ್ಗೆ ಪ್ರಶ್ನೆಗಳು. ಓಣಿ ಹಂಚುವಾಗ ನನ್ನ ಪಾಲಿಗೆ ನಮ್ಮ ಊರೇ ಬಂತು.

ನಮ್ಮೂರು ಶಿರವಾಳ, ಶಹಾಪುರ ತಾಲ್ಲೂಕು. ಇತಿಹಾಸ ಓದುವವರಿಗೆ ಹೆಸರು ಗೊತ್ತಿರಬಹುದು. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಊರ ಒಳಗೂ ಹೊರಗೂ ಇವೆ. ಹಳೆಯ ಬಾವಿಗಳಿವೆ. ಹೊರಗಿನಿಂದ ಬಂದವರು ಕಲ್ಲಿನ ಕೆತ್ತನೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾನು ಫೋಟೋ ತೆಗೆಯಬೇಕಾಗಿದ್ದು ಸಂಡಾಸಗಳದ್ದು.

ಮೂರನೆಯ ದಿನ ನಮ್ಮ ಓಣಿ. ನಮ್ಮ ಮನೆ. ಅಪ್ಪ ಹೊಲಕ್ಕೆ ಹೋಗಿದ್ದ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮನೆಯ ಉತ್ತರ ನನಗೆ ಗೊತ್ತಿಲ್ಲವೇ ಎಂದುಕೊಂಡು ಕಟ್ಟೆಯ ಮೇಲೆ ಕೂತು ಸರಸರ ಒತ್ತುತ್ತ ಹೋದೆ. ‘ಮನೆಯಲ್ಲಿ ಶೌಚಾಲಯ ಇದೆಯೇ?’ ಹೌದು. ‘ಬಳಕೆಯಲ್ಲಿದೆಯೇ?’ ಹೌದು. ‘ಫೋಟೋ ತೆಗೆಯಿರಿ.’

ಹಿತ್ತಲಿಗೆ ಹೋಗಿ ಬಾಗಿಲು ತೆಗೆದೆ. ಒಳಗೆ ತೊಗರಿ ಕಟ್ಟಿಗೆಯ ಎರಡು ಹೊರೆ, ಅರ್ಧ ಚೀಲ ಕುಳ್ಳು, ಮುರಿದ ಕುರ್ಚಿ. ಬೇಸಿನ್ ಮೇಲೆ ಒಂದು ಹಲಗೆ. ಎಲ್ಲ ಹೊರಗೆ ತೆಗೆದಿಟ್ಟು, ಒಂದು ಕೊಡ ನೀರು ಸುರಿದು, ಗುಡಿಸಿ, ಫೋಟೋ ತೆಗೆದೆ. ಟ್ಯಾಬ್‌ನಲ್ಲಿ ಹಸಿರು ಗುರುತು ಬಂತು. ಆಮೇಲೆ ಕಟ್ಟಿಗೆ, ಕುಳ್ಳು, ಕುರ್ಚಿ ಎಲ್ಲವನ್ನೂ ಮೊದಲಿದ್ದ ಹಾಗೇ ಒಳಗೆ ತುಂಬಿದೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಫೋಟೋಕ್ಕ ಹೊರಗ ತಗದಿ, ಹಂಗೇ ಬಿಡಬೇಕಿತ್ತಿಲ್ಲ ಯವ್ವ. ನಾಳಿಗಿ ನಾನೂ ಹೋಗ್ತಿದ್ದೆ’ ಅಂದು ನಕ್ಕಳು. ಸಿಟ್ಟಿನ ಮಾತಲ್ಲ ಅದು. ಆದರೆ ಆವತ್ತು ಉಳಿದ ಮನೆಗಳಿಗೆ ಹೋದಾಗ ನನ್ನ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

ನಮ್ಮ ಸಂಡಾಸ ಕಟ್ಟಿದ್ದು 2017ರಲ್ಲಿ, ಸರ್ಕಾರದ ಸಹಾಯಧನದಲ್ಲಿ. ಹಣ ಬಂತು, ಗೋಡೆ ಎದ್ದಿತು, ತಗಡಿನ ಬಾಗಿಲಿಗೆ ನೀಲಿ ಬಣ್ಣವೂ ಬಂತು. ತಪ್ಪಾಗಿದ್ದು ಗುಂಡಿಯಲ್ಲಿ, ಮತ್ತು ಆ ತಪ್ಪು ನಮ್ಮದೇ. ಎರಡು ಸಣ್ಣ ಗುಂಡಿ ತೋಡಬೇಕು ಅಂತ ಕಾಗದದಲ್ಲಿತ್ತು. ‘ಸಣ್ಣ ಗುಂಡಿ ನಾಲ್ಕು ದಿನಕ್ಕ ತುಂಬ್ತದ, ಒಂದೇ ದೊಡ್ಡದು ತೋಡಿದ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ’ ಅಂತ ಅಪ್ಪನ ಲೆಕ್ಕ. ಹದಿಮೂರು ಅಡಿ ತೋಡಿಸಿದ. ಸಿಮೆಂಟ್ ರಿಂಗ್ ಇಳಿಸಿದ. ಪೇಟೆಯಲ್ಲಿ ಸಿಗುವ ಚಪ್ಪಟೆ ಬೇಸಿನ್ ಕೂರಿಸಿದ. ಅದಕ್ಕೆ ಒಂದು ಸಲಕ್ಕೆ ಅರ್ಧ ಬಕೆಟ್‌ಗಿಂತ ಹೆಚ್ಚು ನೀರು ಬೇಕು.

ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಅಂಟಾಗುವ ಮಣ್ಣು. ನೀರು ಇಂಗುವುದಿಲ್ಲ. ಮೊದಲ ಮಳೆಗಾಲದಲ್ಲೇ ಗುಂಡಿಯ ನೀರು ಮೇಲೆ ಬಂತು, ಬೇಸಿನ್‌ನಲ್ಲಿ ಹಿಂದಕ್ಕೆ ಉಕ್ಕಿತು. ಆ ವಾಸನೆ ನೆನೆದರೆ ಈಗಲೂ ಊಟ ಸೇರುವುದಿಲ್ಲ. ಎರಡನೆಯ ಮಳೆಗಾಲಕ್ಕೆ ಅಪ್ಪ ಹಲಗೆ ಮುಚ್ಚಿದ. ಆಮೇಲೆ ಕಟ್ಟಿಗೆ ಬಂತು. ಅವ್ವ, ಆಯಿ ಮತ್ತೆ ಬಯಲಿಗೆ. ನಾನು ಮತ್ತು ತಂಗಿ ಮಗ್ಗುಲ ಮನೆಯ ಕಾಕಾನ ಸಂಡಾಸಕ್ಕೆ. ಮನೆಗೆ ನೆಂಟರು ಬಂದ ದಿನ ಕಾಕು ಮುಖ ಸಣ್ಣದು ಮಾಡುತ್ತಿದ್ದಳು, ನಾವು ಅರ್ಥ ಮಾಡಿಕೊಂಡು ತಡೆದುಕೊಳ್ಳುತ್ತಿದ್ದೆವು.

ಇಷ್ಟೆಲ್ಲ ಇದ್ದೂ ನಾನು ‘ಹೌದು’ ಎಂದು ಒತ್ತಿದ್ದೆ. ಯಾಕೆ? ಊರಿನ ಲೆಕ್ಕ ಕೆಡಬಾರದು ಎಂದೇನೂ ಅಲ್ಲ. ಡಿಗ್ರಿ ಓದಿದ ಹುಡುಗಿಯ ಮನೆಯಲ್ಲಿ ಸಂಡಾಸ ಬಳಸುವುದಿಲ್ಲ ಎಂದು ಬರೆಯಲು ನಾಚಿಕೆಯಾಯಿತು. ಅಷ್ಟೇ. ನನಗೇ ಹೀಗಾದರೆ, ಗುರುತಿನ ಚೀಟಿ ಹಾಕಿಕೊಂಡು ಬಂದವರ ಮುಂದೆ ಬೇರೆಯವರು ಏನು ಹೇಳಿಯಾರು?

ಆ ರಾತ್ರಿ ಓದುವ ಪುಸ್ತಕ ಪಕ್ಕಕ್ಕಿಟ್ಟು, ಈ ಲೆಕ್ಕ ಯಾರು ಹೇಗೆ ಇಡುತ್ತಾರೆ ಎಂದು ಹುಡುಕುತ್ತ ಹೋದೆ. ಪರೀಕ್ಷೆಗೆ ಓದುವ ನಮಗೆ ಗುರಿಯ ಹೆಸರು ಬಾಯಿಪಾಠ, ಸೂಚ್ಯಂಕಗಳನ್ನು ಯಾರೂ ಓದುವುದಿಲ್ಲ. ಆರನೇ ಗುರಿಯ ಒಳಗೆ 6.2.1 ಎಂಬುದೊಂದಿದೆ. ಅದು ‘ಶೌಚಾಲಯ ಇದೆಯೇ’ ಎಂದು ಕೇಳುವುದಿಲ್ಲ. ‘ಸುರಕ್ಷಿತವಾಗಿ ನಿರ್ವಹಿಸಿದ’ ನೈರ್ಮಲ್ಯ ಎಷ್ಟು ಜನಕ್ಕಿದೆ ಎಂದು ಕೇಳುತ್ತದೆ. ಅಂದರೆ ಸಂಡಾಸ ಇರಬೇಕು, ಬೇರೆ ಮನೆಯ ಜೊತೆ ಹಂಚಿಕೊಂಡಿರಬಾರದು, ಅಲ್ಲಿ ಬಿದ್ದದ್ದು ಅಲ್ಲೇ ಮಣ್ಣಿನಲ್ಲಿ ಸುರಕ್ಷಿತವಾಗಿ ಕೊಳೆಯಬೇಕು, ಇಲ್ಲವೇ ಹೊರಗೆ ಸಾಗಿಸಿ ಶುದ್ಧೀಕರಿಸಿರಬೇಕು. ಅದರ ಮುಂದಿನ 6.3.1 ಕೊಳಚೆ ನೀರಿನಲ್ಲಿ ಎಷ್ಟು ಪಾಲು ಶುದ್ಧೀಕರಣವಾಗುತ್ತದೆ ಎಂದು ಕೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರಿಂದ ಜಂಟಿಯಾಗಿ ಈ ಲೆಕ್ಕ ಇಡುತ್ತಿವೆ. ಅವರದೊಂದು ಏಣಿ ಇದೆ, ಐದು ಮೆಟ್ಟಿಲಿನದು. ಓದುತ್ತ ಓದುತ್ತ ನಮ್ಮ ಓಣಿಯೇ ಆ ಏಣಿಯ ಮೇಲೆ ನಿಂತಂತೆ ಕಂಡಿತು. ತಳದ ಮೆಟ್ಟಿಲಲ್ಲಿ ಬಯಲು: ಅವ್ವ, ಆಯಿ. ಅದರ ಮೇಲೆ ಹಲಗೆಯೂ ಇಲ್ಲದ ಬರೀ ತೆರೆದ ಗುಂಡಿ: ಓಣಿಯ ಕೊನೆಯ ಜೋಪಡಿ. ಮೂರನೆಯದು ‘ಸೀಮಿತ’, ಒಳ್ಳೆಯ ಸಂಡಾಸವೇ ಆದರೂ ಎರಡು ಮನೆಯವರು ಬಳಸುವಂಥದ್ದು: ನಾನು ಮತ್ತು ತಂಗಿ. ನಾವು ಹೋಗುತ್ತಿದ್ದ ಕಾರಣಕ್ಕೆ ಕಾಕಾನ ಮನೆಯೂ ಅದೇ ಮೆಟ್ಟಿಲಿಗೆ ಇಳಿದುಬಿಟ್ಟಿತ್ತು, ಪಾಪ. ನಾಲ್ಕನೆಯದು ‘ಮೂಲಭೂತ’. ಐದನೆಯದು ‘ಸುರಕ್ಷಿತ’. ಒಂದೇ ಮನೆಯ ನಾಲ್ವರು ಹೆಂಗಸರು ಎರಡು ಮೆಟ್ಟಿಲುಗಳ ಮೇಲಿದ್ದೆವು. ಟ್ಯಾಬ್‌ನಲ್ಲಿ ಮಾತ್ರ ಮನೆಗೆ ಒಂದೇ ಉತ್ತರ.

2023ರಲ್ಲಿ ಬಂದ ಅವರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಶೇ 57ರಷ್ಟು ಜನ ಮೇಲಿನ ಮೆಟ್ಟಿಲಲ್ಲಿದ್ದರು. 350 ಕೋಟಿ ಜನಕ್ಕೆ ಅದು ಸಿಕ್ಕಿರಲಿಲ್ಲ. ಬಯಲಿಗೆ ಹೋಗುವವರು ಸುಮಾರು 42 ಕೋಟಿ. ಇದು ಬರೀ ಭಾರತದ ಕಥೆಯಲ್ಲ ಎಂದು ಅಂದುಕೊಂಡಾಗ ಸ್ವಲ್ಪ ಸಮಾಧಾನವಾಯಿತು, ಆಮೇಲೆ ಆ ಸಮಾಧಾನದ ಬಗ್ಗೆಯೇ ನಾಚಿಕೆಯಾಯಿತು.

ನಮ್ಮ ದೇಶದ ಅಂಕಿಗಳಿಗೆ ಬಂದರೆ ಕಥೆ ರೋಚಕವಾಗಿದೆ. 2011ರ ಜನಗಣತಿಯಲ್ಲಿ ಗ್ರಾಮೀಣ ಭಾರತದ ಶೇ 30.7ರಷ್ಟು ಮನೆಗಳಲ್ಲಿ ಮಾತ್ರ ಶೌಚಾಲಯವಿತ್ತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ನಮ್ಮ ರಾಜ್ಯದ ಗ್ರಾಮೀಣ ಭಾಗ 2018ರ ನವೆಂಬರ್‌ನಲ್ಲಿ ಬಯಲು ಶೌಚಮುಕ್ತ ಎಂದು ಘೋಷಣೆಯಾಯಿತು. 2019ರ ಅಕ್ಟೋಬರ್ 2ಕ್ಕೆ ಇಡೀ ಗ್ರಾಮೀಣ ಭಾರತ. ಐದು ವರ್ಷದಲ್ಲಿ ಇಷ್ಟು ಕಟ್ಟಿದ್ದು ಸಣ್ಣ ಮಾತಲ್ಲ. ನಮ್ಮ ಓಣಿಯನ್ನೇ ತೆಗೆದುಕೊಳ್ಳಿ. ನಾನು ಹೈಸ್ಕೂಲಿಗೆ ಹೋಗುವಾಗ ಸಂಡಾಸ ಇದ್ದ ಮನೆ ಮೂರು. ಈಗ ಇಲ್ಲದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಎಲ್ಲ ಸುಳ್ಳು ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ.

ಆದರೆ ಇದನ್ನು ನೋಡಿ. ಕೇಂದ್ರದ ನೈರ್ಮಲ್ಯ ಇಲಾಖೆ ಮಾಡಿಸಿದ 2018–19ರ ಸಮೀಕ್ಷೆ, ಗ್ರಾಮೀಣ ಮನೆಗಳಲ್ಲಿ ಶೇ 93.1ಕ್ಕೆ ಶೌಚಾಲಯ ಲಭ್ಯವಿದೆ ಎಂದಿತು. ಕೇಂದ್ರ ಸರ್ಕಾರದ್ದೇ ಆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಿತು. ಅದು ಹೇಳಿದ್ದು ಶೇ 71.3. ಹೆಚ್ಚೂಕಡಿಮೆ ಅದೇ ವರ್ಷ, ಅದೇ ಹಳ್ಳಿಗಳು, ಅದೇ ಸರ್ಕಾರ. ವ್ಯತ್ಯಾಸ 20ಕ್ಕೂ ಹೆಚ್ಚು ಅಂಶ. ಯಾಕೆ ಹೀಗೆ ಎಂದು ಹುಡುಕಿದಾಗ ಮಾದರಿ ಸಮೀಕ್ಷೆಯ ವರದಿಯಲ್ಲೇ ಒಂದು ಮಾತು ಸಿಕ್ಕಿತು. ‘ಸರ್ಕಾರದಿಂದ ಯಾವ ಸೌಲಭ್ಯ ಸಿಕ್ಕಿದೆ’ ಎಂಬ ಪ್ರಶ್ನೆಯನ್ನು, ‘ಶೌಚಾಲಯ ಇದೆಯೇ’ ಎಂಬ ಪ್ರಶ್ನೆಗಿಂತ ಮೊದಲು ಕೇಳಲಾಗಿತ್ತು. ಹಾಗಾಗಿ ಸೌಲಭ್ಯ ಸಿಗಬಹುದು ಎಂಬ ಆಸೆಯಿಂದ ಕೆಲವರು ಇಲ್ಲ ಎಂದಿರಬಹುದು ಎಂದು ಅವರೇ ಬರೆದುಕೊಂಡಿದ್ದರು.

ಓದಿ ನಗು ಬಂತು. ನಮ್ಮ ಓಣಿಯಲ್ಲೂ ಅದೇ. ‘ಇಲ್ಲ ಅಂದ್ರ ರೊಕ್ಕ ಬರ್ತದೇನವ್ವ?’ ಎಂದು ನನ್ನನ್ನು ಕೇಳಿದವರು ಕಡಿಮೆಯೇನಲ್ಲ. ‘ಹೌದು ಅನ್ನದಿದ್ರ ರೇಷನ್ ಬಂದ್ ಮಾಡ್ತಾರೇನು?’ ಎಂದು ಕೇಳಿದವರೂ ಇದ್ದರು. ಒಂದೇ ಪ್ರಶ್ನೆ, ಆಸೆಯಿದ್ದವರು ಒಂದು ಕಡೆ ವಾಲುತ್ತಾರೆ, ಭಯ ಇದ್ದವರು ಇನ್ನೊಂದು ಕಡೆ. ನನ್ನಂಥವರು ಮರ್ಯಾದೆಯ ಕಡೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಶೇ 19ರಷ್ಟು ಕುಟುಂಬಗಳು ಯಾವುದೇ ಶೌಚಾಲಯ ಬಳಸುವುದಿಲ್ಲ, ಹಳ್ಳಿಗಳಲ್ಲಿ ಶೇ 26 ಎಂದಿತು. ಅದೂ ಘೋಷಣೆಯ ಆಸುಪಾಸಿನ ಕಾಲದ್ದೇ.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಯಾರ ಮನೆಗೆ ಸಂಡಾಸ ಬೇಕು ಎಂಬ ಪಟ್ಟಿಗೆ ಆಧಾರ 2012ರ ಮೂಲ ಸಮೀಕ್ಷೆ. ಆ ಪಟ್ಟಿಯ ಮನೆಗಳೆಲ್ಲ ಮುಗಿದರೆ ಊರು ಮುಗಿದಂತೆ. 2012ರ ನಂತರ ಮದುವೆಯಾಗಿ ಬೇರೆ ಒಲೆ ಹೂಡಿದವರು, ಅವತ್ತು ಊರಲ್ಲಿಲ್ಲದವರು ಪಟ್ಟಿಯ ಹೊರಗೆ. ಬಿಟ್ಟುಹೋದವರನ್ನು ಆಮೇಲೆ ಸೇರಿಸಿಕೊಳ್ಳುವ ಕೆಲಸವೂ ನಡೆಯಿತೆನ್ನಿ. ಆದರೆ ನಮ್ಮ ಭಾಗದಲ್ಲಿ ಊರಲ್ಲಿಲ್ಲದವರು ಎಂದರೆ ಒಬ್ಬಿಬ್ಬರಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುವ ಮನೆಗಳು ಓಣಿಗೆ ನಾಲ್ಕಾದರೂ ಇರುತ್ತವೆ. ನಾನು ಹೋದಾಗ ಬೀಗ. ‘ಬೀಗ ಹಾಕಿದೆ’ ಎಂದು ಒತ್ತಿದರೆ ಆ ಮನೆಯ ಪುಟ ಮುಚ್ಚುತ್ತದೆ. ಆ ಹೊತ್ತಿಗೆ ಅವರು ಬೆಂಗಳೂರಿನಲ್ಲಿ ಯಾವುದೋ ಅಪಾರ್ಟ್‌ಮೆಂಟ್ ಕಟ್ಟುತ್ತ, ತಗಡಿನ ಶೆಡ್ಡಿನಲ್ಲಿರುತ್ತಾರೆ. ಕಟ್ಟುತ್ತಿರುವ ಪ್ರತಿ ಫ್ಲ್ಯಾಟಿಗೆ ಎರಡೆರಡು ಬಾತ್‌ರೂಮ್, ಕಟ್ಟುವವರಿಗೆ ಪಕ್ಕದ ಖಾಲಿ ಸೈಟು.

ಸಮೀಕ್ಷೆಯ ಮುಂದಿನ ಪ್ರಶ್ನೆ ನನ್ನನ್ನು ಇನ್ನೂ ಸಿಕ್ಕಿಸಿತು. ‘ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ?’ ಆಯ್ಕೆಗಳು: ಒಳಚರಂಡಿ, ಸೆಪ್ಟಿಕ್ ಟ್ಯಾಂಕ್, ಜೋಡಿ ಗುಂಡಿ, ಒಂಟಿ ಗುಂಡಿ, ತೆರೆದ ಚರಂಡಿ, ಗೊತ್ತಿಲ್ಲ. ಹತ್ತರಲ್ಲಿ ಏಳು ಮನೆಯವರು ಸೆಪ್ಟಿಕ್ ಟ್ಯಾಂಕ್ ಎಂದರು. ಅದು ಈಗ ಅಂತಸ್ತಿನ ಮಾತು. ಕಾಕಾನೂ ಹಾಗೇ ಹೇಳಿದ. ನಾನು ಹಿತ್ತಲಿಗೆ ಹೋಗಿ ನೋಡಿದೆ. ಸಿಮೆಂಟಿನ ಒಂದು ಪೆಟ್ಟಿಗೆ, ಅದರ ಮೇಲ್ಗಡೆಯಿಂದ ಒಂದು ಪೈಪು, ಪೈಪು ಹೋಗಿ ಬೀಳುವುದು ಓಣಿಯ ಚರಂಡಿಗೆ.

‘ಕಾಕಾ, ಇದು ಗಟಾರಕ್ಕ ಹೋಗ್ತದಲ್ಲರೀ?’

‘ಬರೀ ನೀರು ಹೋಗ್ತದವ್ವ. ಹೊಲಸು ಎಲ್ಲ ಒಳಗೇ ಇರ್ತದ.’

ಕಾಕಾ ಸುಳ್ಳು ಹೇಳಲಿಲ್ಲ, ಅವನು ನಂಬಿದ್ದೇ ಅದನ್ನು. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಭಾಗ ತಳಕ್ಕೆ ಕೂರುತ್ತದೆ, ಮೇಲಿನ ನೀರು ಹೊರಗೆ ಬರುತ್ತದೆ, ನಿಜ. ಆದರೆ ಆ ನೀರಿನಲ್ಲಿ ರೋಗಾಣು ಹಾಗೇ ಇರುತ್ತವೆ. ಅದಕ್ಕೇ ಟ್ಯಾಂಕಿನ ಆಚೆ ಒಂದು ಇಂಗುಗುಂಡಿ ಬೇಕು. ಟ್ಯಾಂಕಿಗೆ ಕನಿಷ್ಠ ಎರಡು ಕೋಣೆ ಬೇಕು. ನಮ್ಮ ಓಣಿಯ ಬಹುತೇಕ ‘ಸೆಪ್ಟಿಕ್ ಟ್ಯಾಂಕ್’ಗಳಿಗೆ ಇಂಗುಗುಂಡಿ ಇಲ್ಲ, ಕೆಲವಕ್ಕೆ ತಳವೇ ಇಲ್ಲ. ಮೇಲ್ವಿಚಾರಕರಿಗೆ ಫೋನ್ ಮಾಡಿ ಏನು ಬರೆಯಲಿ ಎಂದು ಕೇಳಿದೆ. ‘ಅವರು ಹೇಳಿದ್ದನ್ನು ಬರೆಯಮ್ಮ, ನೀನೇನು ಇಂಜಿನಿಯರಾ?’ ಎಂದರು. ಅವರ ಮಾತೂ ಸರಿಯೇ. ಒಬ್ಬೊಬ್ಬ ಗಣತಿದಾರರು ತಮಗೆ ತೋಚಿದ್ದು ಬರೆಯತೊಡಗಿದರೆ ಸಮೀಕ್ಷೆ ಆಗುವುದಿಲ್ಲ. ಆದರೆ ಹೀಗೆ ಬರೆದ ‘ಸೆಪ್ಟಿಕ್ ಟ್ಯಾಂಕ್’ ಮೇಲಕ್ಕೆ ಹೋದಂತೆ ಏಣಿಯಲ್ಲಿ ಮೇಲಿನ ಮೆಟ್ಟಿಲಿಗೆ ಏರಿಬಿಡುತ್ತದಲ್ಲ, ಅದು ನನ್ನನ್ನು ಕೊರೆಯುತ್ತಿತ್ತು.

ಗುಂಡಿ ತುಂಬಿದರೆ? ಅದಕ್ಕೆ ಸಕ್ಕಿಂಗ್ ಮಷಿನ್ ಬರುತ್ತದೆ. ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಬಂದಿದ್ದ ಡ್ರೈವರ್ ಅಣ್ಣನನ್ನು, ತುಂಬಿಕೊಂಡು ಹೋದದ್ದನ್ನು ಎಲ್ಲಿ ಬಿಡ್ತೀರಿ ಎಂದು ಕೇಳಿದೆ. ‘ಯಾರ ಹೊಲದವರು ಬಾ ಅಂತಾರ, ಅಲ್ಲಿ. ಯಾರೂ ಅನ್ನಲಿಲ್ಲಂದ್ರ...’ ಎಂದು ಮಾತು ನಿಲ್ಲಿಸಿ ಬೀಡಿ ಹಚ್ಚಿದ. ನಾನೂ ಮುಂದೆ ಕೇಳಲಿಲ್ಲ.

ಮಷಿನ್ ಬರುವ ಮೊದಲು ಯಾರು ತೆಗೆಯುತ್ತಿದ್ದರು ಎಂದು ಕೇಳಿದಾಗ ಮಾತ್ರ ಮನೆ ಮನೆಯಲ್ಲೂ ಒಂದೇ ಮೌನ. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದರು ಎಂದು ನಾವು ಓದಿದ್ದೇವೆ. ಕೇಂದ್ರದ ಹೊಸ ಕಾಯ್ದೆ ಬಂದಿದ್ದು 2013ರಲ್ಲಿ. ಗುಂಡಿಯಲ್ಲಿ ಇಳಿದು ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದಾಯಿತು. ನನ್ನ ಟ್ಯಾಬ್‌ನಲ್ಲಿ ‘ಕೊನೆಯ ಸಲ ಗುಂಡಿ ಖಾಲಿ ಮಾಡಿದವರು ಯಾರು’ ಎಂಬ ಪ್ರಶ್ನೆ ಇರಲಿಲ್ಲ.

ಇದನ್ನೆಲ್ಲ ಯಾಕೆ ಇಷ್ಟು ಹಚ್ಚಿಕೊಳ್ಳಬೇಕು ಎಂದು ಗೆಳತಿ ಕೇಳಿದಳು. ನಾನು ಚರಂಡಿ ತೋರಿಸಿದೆ. ಕಾಕಾನ ಪೈಪು ಬೀಳುವ ಜಾಗದಿಂದ ಎರಡು ಮಾರು ದೂರದಲ್ಲಿ ಕುಡಿಯುವ ನೀರಿನ ಪೈಪು ಅದೇ ಚರಂಡಿ ದಾಟುತ್ತದೆ. ನಲ್ಲಿ ಬಂದ್ ಆದಾಗ ಪೈಪು ಖಾಲಿ. ಎಲ್ಲಾದರೂ ಜೋಡಣೆ ಸಡಿಲವಿದ್ದರೆ ಹೊರಗಿನ ನೀರು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಅದೇ ನಮ್ಮ ಕೊಡಕ್ಕೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ, 2023ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ, ಅದೇ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. ಪ್ರತಿಯೊಂದರ ಕಾರಣ ಬೇರೆ ಬೇರೆ ಇರಬಹುದು. ಅನಪುರದ ಸುದ್ದಿ ಬಂದ ದಿನ ಆಯಿ ಮಾತ್ರ ಬಿಂದಿಗೆಯ ನೀರು ಕುದಿಸಲು ಶುರು ಮಾಡಿದಳು, ಒಂದು ವಾರ ಕುದಿಸಿದಳು, ಆಮೇಲೆ ಗ್ಯಾಸ್ ಮುಗಿಯಿತು.

ಪೇಟೆಯವರದ್ದು ನಮಗಿಂತ ಚೆನ್ನಾಗಿದೆ ಎಂದುಕೊಳ್ಳಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಲೆಕ್ಕದಲ್ಲಿ ದೇಶದ ನಗರಗಳು ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ನೀರು ಹೊರಬಿಡುತ್ತವೆ. ನಿಜಕ್ಕೂ ಶುದ್ಧೀಕರಣವಾಗುತ್ತಿದ್ದುದು 2,023 ಕೋಟಿ ಲೀಟರ್, ಅಂದರೆ ಶೇ 28. ಅಲ್ಲೂ ನಮ್ಮ ಮನೆಯದೇ ಕಥೆ: ಘಟಕಗಳ ಸಾಮರ್ಥ್ಯ 3,184 ಕೋಟಿ ಲೀಟರ್ ಇತ್ತು. ಕಟ್ಟಿದ್ದೊಂದು, ಓಡಿದ್ದೊಂದು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ವಿಡಿಯೊ ನಾವೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ನೋಡಿದ್ದೇವೆ. ಅದೇ ಊರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದೂ ಅಷ್ಟೇ ನಿಜ.

ನಮ್ಮ ಓಣಿಯ ಅಣ್ಣ ಒಬ್ಬ ಐಟಿಐ ಮುಗಿಸಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎಸ್‌ಟಿಪಿ ಆಪರೇಟರ್ ಆಗಿದ್ದಾನೆ. ಊರಲ್ಲಿ ಕೇಳಿದರೆ ‘ಪಂಪ್ ಆಪರೇಟರ್’ ಅನ್ನುತ್ತಾನೆ. ಫೋನಿನಲ್ಲಿ ಹೇಳುತ್ತಿದ್ದ, ‘ಗಾಳಿ ಊದುವ ಬ್ಲೋವರ್ ಒಂದು ದಿನ ನಿಂತ್ರ ಒಳಗಿನ ಬ್ಯಾಕ್ಟೀರಿಯಾ ಸಾಯ್ತಾವ. ಅವೇ ಕೆಲಸ ಮಾಡೋವು, ನಾವು ಅವಕ್ಕ ಊಟ, ಗಾಳಿ ಕೊಡೋರು.’ ಕೆಲಸ ಹುಡುಕುವವರು ಗಮನಿಸಿ. ಈ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂದು ಅವನೇ ಹೇಳಿದ. ರಸಾಯನಶಾಸ್ತ್ರ ಓದಿದವರಿಗೆ ಪರೀಕ್ಷಾ ಪ್ರಯೋಗಾಲಯಗಳಲ್ಲೂ ಅವಕಾಶವಿದೆಯಂತೆ. ಮದುವೆ ಮಾತುಕತೆಯಲ್ಲಿ ಮಾತ್ರ ಈ ಕೆಲಸದ ಹೆಸರು ಹೇಳಲು ಅವನಿಗೆ ಧೈರ್ಯ ಸಾಲದು.

ಒಳಚರಂಡಿ ಇಲ್ಲದ ಊರುಗಳಿಗೆ ದಾರಿ ಇಲ್ಲವೆಂದಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕ ದೇಶದಲ್ಲೇ ಅದು ಮೊದಲನೆಯದು. ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯ, ಅಂದರೆ ಒಂದೆರಡು ಟ್ಯಾಂಕರ್. ಟ್ಯಾಂಕರ್ ಅಲ್ಲಿಗೇ ಬಂದು ಸುರಿಯುತ್ತದೆ. ಗಟ್ಟಿ ಭಾಗ ಕೊಳೆತು, ಒಣಗಿ, ಹಸಿ ಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. 2017ರಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ನೀತಿಯೂ ಬಂತು. ನಮ್ಮ ಡ್ರೈವರ್ ಅಣ್ಣನ ಅರ್ಧಕ್ಕೆ ನಿಂತ ಮಾತಿಗೆ ಉತ್ತರ ಅಲ್ಲಿದೆ. ನಮ್ಮಂಥ ಹತ್ತಾರು ಹಳ್ಳಿಗೆ ಒಂದಾದರೂ ಬೇಕು.

ಅಲ್ಲಿಯವರೆಗೆ? ಜೋಡಿ ಗುಂಡಿ. ಅಪ್ಪ ಬೇಡ ಎಂದಿದ್ದೇ ಅದನ್ನು. ಒಂದು ಗುಂಡಿ ತುಂಬಲು ಸುಮಾರು ಐದು ವರ್ಷ. ತುಂಬಿದ ಮೇಲೆ ನಡುವಿನ ಸಣ್ಣ ಚೇಂಬರಿನಲ್ಲಿ ಒಂದು ಕಡೆ ಮುಚ್ಚಿ ಇನ್ನೊಂದು ಗುಂಡಿಗೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ಅದು ವಾಸನೆಯಿಲ್ಲದ ಒಣ ಗೊಬ್ಬರ. ಮಷಿನ್ ಬೇಡ, ಯಾರೂ ಹೊಲಸಿನಲ್ಲಿ ಇಳಿಯಬೇಕಿಲ್ಲ, ಸಾಗಿಸಬೇಕಿಲ್ಲ. ಏಣಿಯ ಐದನೆಯ ಮೆಟ್ಟಿಲಿಗೆ ಹಳ್ಳಿಯ ಮನೆ ತಾನೇ ಹತ್ತಬಹುದಾದ ದಾರಿ ಅದೊಂದೇ ಎಂದು ನನಗೆ ಅನ್ನಿಸಿತು. ಎರಿ ಮಣ್ಣಿಗೂ ಉಪಾಯವಿದೆ. ಗುಂಡಿಯನ್ನು ಆಳ ಮಾಡದೆ ಅಗಲ ಮಾಡಬೇಕು, ಸುತ್ತ ಒಂದು ಅಡಿ ದಪ್ಪ ಮರಳು, ಜಲ್ಲಿ ತುಂಬಬೇಕು. ನೀರು ಮೇಲೇ ನಿಲ್ಲುವ ಕಡೆ ಗುಂಡಿಯನ್ನು ನೆಲಮಟ್ಟದಿಂದ ಎತ್ತರಿಸಿ ಸುತ್ತ ಮಣ್ಣು ಏರಿಸಬೇಕು. ಕುಡಿಯುವ ನೀರಿನ ಬಾವಿ, ಬೋರ್‌ನಿಂದ ಹತ್ತು ಮೀಟರ್ ದೂರ ಇರಬೇಕು. ಇಳಿಜಾರು ಹೆಚ್ಚಿರುವ ಬೇಸಿನ್ ಹಾಕಿದರೆ ಎರಡು ಲೀಟರ್ ನೀರು ಸಾಕು, ಒಂದು ಚರಗಿಗಿಂತ ಸ್ವಲ್ಪ ಹೆಚ್ಚು.

ಸಮೀಕ್ಷೆಯ ಕೊನೆಯ ದಿನ ಸಂಜೆಯೊಳಗೆ ಎಲ್ಲ ಕಳಿಸಬೇಕಿತ್ತು. ಕಳಿಸಿದ ಮೇಲೆ ತಿದ್ದಲು ಬರುವುದಿಲ್ಲ. ನಮ್ಮ ಮನೆಯ ಪುಟ ತೆರೆದೆ. ‘ಬಳಕೆಯಲ್ಲಿದೆಯೇ?’ ಇಲ್ಲ. ‘ಎಲ್ಲಿಗೆ ಹೋಗುತ್ತದೆ?’ ಒಂಟಿ ಗುಂಡಿ. ಬಯಲಿಗೆ ಹೋಗುವವರು ಮನೆಯಲ್ಲಿದ್ದಾರೆಯೇ? ಹೌದು. ಕಟ್ಟಿಗೆ, ಕುಳ್ಳು ಸಮೇತ ಹೊಸ ಫೋಟೋ ತೆಗೆದೆ. ಅರ್ಧ ಗಂಟೆಯಲ್ಲಿ ಮೇಲ್ವಿಚಾರಕರ ಫೋನ್ ಬಂತು. ‘ಏನಮ್ಮ, ಇಡೀ ಓಣಿಯಲ್ಲಿ ಇದೊಂದು ಮನೆ ಯಾಕೆ ಹೀಗಿದೆ?’

‘ಸರ್, ಅದೊಂದೇ ಮನೆಯ ಒಳಗೆ ನಾನು ಹೋಗಿ ನೋಡಿದ್ದು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು, ಕಳಿಸು’ ಎಂದರು.

ಅಪ್ಪನಿಗೆ ಹೇಳಿದಾಗ ದೊಡ್ಡ ರಾದ್ಧಾಂತ. ‘ಊರ ಮಂದಿ ಎಲ್ಲಾ ಹೌದಂತಾರ, ನನ್ನ ಮಗಳು ನಮ್ಮ ಮನಿ ಮಾನ ಕಂಪ್ಯೂಟರದಾಗ ಹಾಕಿ ಬಂದಾಳ’ ಎಂದು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಆಯಿ ಬಾಯಿ ತೆರೆದಳು. ಮೊಣಕಾಲು ನೋವಿನ ಆಯಿ. ಹೋದ ಮಳೆಗಾಲದಲ್ಲಿ ಕತ್ತಲಲ್ಲಿ ಜಾರಿ ಬಿದ್ದಿದ್ದನ್ನು ಯಾರಿಗೂ ಹೇಳಿರಲಿಲ್ಲ. ‘ನಾ ಸಾಯೋದ್ರಾಗ ಒಂದಿನ ಮನ್ಯಾಗ ಕೂಡ್ತೀನಿ ಅಂದ್ರ ನಿನಗೇನು ಕಡಿಮಿ ಆಗ್ತದೋ?’ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ. ಸಂಜೆ ಸನಿಕೆ ಹುಡುಕುತ್ತಿದ್ದ.

ಸಮೀಕ್ಷೆಯ ದಿನಗೂಲಿ ಮರಳು, ಜಲ್ಲಿಗೆ ಹೋಯಿತು. ಪರೀಕ್ಷೆಯ ಅರ್ಜಿ ಶುಲ್ಕಕ್ಕೆಂದು ಇಟ್ಟಿದ್ದರಲ್ಲೂ ಸ್ವಲ್ಪ ಸೇರಿತು. ಹಳೆಯ ಆಳದ ಗುಂಡಿಯನ್ನು ಖಾಲಿ ಮಾಡಿಸದೆ ಹಾಗೇ ಮಣ್ಣು ಹಾಕಿ ಮುಚ್ಚಿದೆವು. ಅದರಿಂದ ದೂರ, ದಿಬ್ಬದ ಮೇಲೆ ನಾಲ್ಕಡಿ ಆಳದ ಎರಡು ಹೊಸ ಗುಂಡಿ. ಗೌಂಡಿ ಮಾಮಾ ಇಟ್ಟಿಗೆಯ ನಡುವೆ ಸಂದು ಬಿಟ್ಟು ಕಟ್ಟುವಾಗ ಕಾಕಾ ಬಂದು ನಿಂತು ನೋಡಿದ. ಸಂದು ಯಾಕೆ, ಚೇಂಬರ್ ಯಾಕೆ ಎಂದು ಕೇಳಿದ. ಅವನ ಪೈಪು ಇನ್ನೂ ಚರಂಡಿಗೇ ಬೀಳುತ್ತಿದೆ. ನರೇಗಾದಲ್ಲಿ ಬಚ್ಚಲು ಗುಂಡಿ ತೋಡಿಸಿಕೊಳ್ಳಬಹುದು, ಸಂಡಾಸದ ನೀರಿಗೆ ಬೇರೆ ಇಂಗುಗುಂಡಿ ಬೇಕು ಎಂದೆ. ‘ನೋಡೂಣು’ ಎಂದಿದ್ದಾನೆ.

ಒಂದನೆಯ ಗುಂಡಿ ಶುರುವಾಗಿ ಈ ತಿಂಗಳಿಗೆ ಐದು ತಿಂಗಳು. ಮೊದಲ ಮಳೆ ಬಿದ್ದ ರಾತ್ರಿ ಅಪ್ಪ ಎರಡು ಸಲ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ಬಂದ. ಮೇಲೆ ಬಂದಿರಲಿಲ್ಲ. ಶುರುವಾದ ದಿನಾಂಕವನ್ನು ತಂಗಿ ಮುಚ್ಚಳದ ಸಿಮೆಂಟ್ ಹಸಿಯಿರುವಾಗಲೇ ಮೊಳೆಯಿಂದ ಕೊರೆದಿದ್ದಾಳೆ. ಪಕ್ಕದ ಗುಂಡಿಯ ಮುಚ್ಚಳ ಖಾಲಿ ಇದೆ. ಅವ್ವ ಮಾತ್ರ ನಾಲ್ಕೂವರೆಗೇ ಏಳುತ್ತಾಳೆ. ರೂಢಿ ಬಿಡುವುದಿಲ್ಲವಂತೆ. ಎದ್ದು ಚಹಾ ಕಾಸಿ, ನನಗೊಂದು ಲೋಟ ಕೊಟ್ಟು, ಪುಸ್ತಕದ ಮುಂದೆ ತೂಕಡಿಸುವ ನನ್ನನ್ನು ತಿವಿದು ಎಬ್ಬಿಸುತ್ತಾಳೆ.